ಕೀಲೆಣ್ಣೆಯ ಕಥೆ: ಹರಳಿನಿಂದ ಸಿಂಥೆಟಿಕ್‌ವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಸವರುವುದು ವಾಡಿಕೆಯಾಗಿತ್ತು. ಇಂದು ಅದೇ ಊರುಗಳಲ್ಲಿ ಕಾರು ಇಟ್ಟವರು ಮೆಕ್ಯಾನಿಕ್‌ನ ಬಳಿ ಕೇಳುವ ಪ್ರಶ್ನೆ: ಸಾಧಾರಣ ಎಂಜಿನ್ ಆಯಿಲ್ ಸಾಕೆ, ಸಿಂಥೆಟಿಕ್ ಬೇಕೆ? ಎರಡನೆಯದರ ಬೆಲೆ ಬಹಳ ಹೆಚ್ಚು. ಉತ್ತರ ಕೀಲೆಣ್ಣೆಯ ಇತಿಹಾಸದಲ್ಲಿಯೇ ಇದೆ.

1800ರಲ್ಲಿ ಶ್ರೀರಂಗಪಟ್ಟಣದ ಸುತ್ತಮುತ್ತ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹರಳಿನ ಬೆಳೆಯನ್ನೂ ಎಣ್ಣೆ ತೆಗೆಯುವ ಕ್ರಮವನ್ನೂ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಹರಳೆಣ್ಣೆಯಲ್ಲಿರುವ ಮೇದಾಮ್ಲಗಳಲ್ಲಿ ಸುಮಾರು ಶೇ. 85-90ರಷ್ಟು ರಿಸಿನೋಲಿಕ್ ಆಮ್ಲ. ಅದರ ಹೈಡ್ರಾಕ್ಸಿಲ್ ಗುಂಪಿನಿಂದಾಗಿ ಈ ಎಣ್ಣೆ ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಇದರ ಸ್ನಿಗ್ಧತೆ ನೀರಿನ ಸ್ನಿಗ್ಧತೆಯ ಹಲವು ನೂರು ಪಟ್ಟು.

ಆದರೆ ಎಣ್ಣೆ ಘರ್ಷಣೆಯನ್ನು ತಗ್ಗಿಸುವುದಾದರೂ ಹೇಗೆ? 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ರೈಲುಗಾಡಿಯ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲೆಂದು ಮೇಲ್ಭಾಗದಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಹೊರಗೆ ಉಕ್ಕತೊಡಗಿತು. ಬಿರಡೆ ಬಡಿದರೆ ಬಿರಡೆಯೇ ಹೊರಬಂತು! ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಭಾರವನ್ನು ಎತ್ತಿ ಹಿಡಿಯುವಷ್ಟು ಒತ್ತಡವನ್ನು ಉಂಟುಮಾಡುತ್ತಿತ್ತು. ಇದಕ್ಕೆ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ವಿವರಣೆ ನೀಡಿದ. ಎಣ್ಣೆಯ ಪೊರೆ ಉಳಿಯಬೇಕಾದರೆ ವೇಗ, ಭಾರ, ಸ್ನಿಗ್ಧತೆ ಮೂರೂ ಹೊಂದಬೇಕು.

ತೊಡಕಿರುವುದು ಇಲ್ಲಿಯೇ. ಬಿಸಿಯೇರಿದಂತೆ ಸ್ನಿಗ್ಧತೆ ಇಳಿಯುತ್ತದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳು ಹರಳೆಣ್ಣೆಯನ್ನೇ ಬಳಸಿದವು; ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಆದರೆ ಕಾದಾಗ ಉತ್ಕರ್ಷಣಗೊಂಡು ಅಂಟಾಗುವುದು ಅದರ ದೋಷ. ಕಾರುಗಳಲ್ಲಿ ಅಗ್ಗದ ಖನಿಜ ತೈಲವೇ ನೆಲೆಗೊಂಡಿತು.

ಕಚ್ಚಾ ತೈಲದಿಂದ ಬರುವ ಖನಿಜ ತೈಲ ನಾನಾ ಗಾತ್ರ, ಆಕಾರಗಳ ಅಣುಗಳ ಮಿಶ್ರಣ. ಬೇಕಾದ ಅಣುವನ್ನೇ ಕಟ್ಟಿದರೆ ಹೇಗೆ? 1930ರ ದಶಕದಿಂದ ಜರ್ಮನಿ, ಅಮೆರಿಕಗಳಲ್ಲಿ ಈ ಪ್ರಯತ್ನ ನಡೆಯಿತು. ಯುದ್ಧಕಾಲದ ತೈಲದ ಕೊರತೆ ಮತ್ತು ರಷ್ಯಾದ ಚಳಿ ಜರ್ಮನಿಯನ್ನು ಅದಕ್ಕೆ ದೂಡಿದವು. ಆಮೇಲೆ ಜೆಟ್ ವಿಮಾನಗಳು ಎಸ್ಟರ್ ತೈಲಗಳನ್ನು ಬೇಡಿದವು. ಅವುಗಳಲ್ಲಿ ಕೆಲವಕ್ಕೆ ಬೇಕಾದ ಸೆಬಾಸಿಕ್ ಆಮ್ಲ ದೊರೆಯುವುದು ಹರಳೆಣ್ಣೆಯಿಂದಲೇ! ಗಾಡಿಯ ಅಚ್ಚಿನಿಂದ ದೂರವಾದ ಹರಳು ರೂಪ ಬದಲಿಸಿ ಆಕಾಶವೇರಿತು. 1970ರ ದಶಕದಲ್ಲಿ ಸಿಂಥೆಟಿಕ್ ತೈಲ ಕಾರುಗಳಿಗೂ ಮಾರಾಟಕ್ಕೆ ಬಂತು.

ಇನ್ನು ಆಯ್ಕೆ. ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದಿರುತ್ತದಲ್ಲವೆ? 'ಡಬ್ಲ್ಯು' ಚಳಿಗಾಲವನ್ನು ಸೂಚಿಸುತ್ತದೆ. 5ಡಬ್ಲ್ಯು ದರ್ಜೆಗೆ ಎಂಜಿನ್ ಚಾಲೂ ಮಾಡುವಾಗಿನ ಸ್ನಿಗ್ಧತೆಯನ್ನು ಪರೀಕ್ಷಿಸುವುದು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾಗಮಂಗಲದ ಚಳಿ ಅದರ ಹತ್ತಿರಕ್ಕೂ ಬಾರದು. ಆದ್ದರಿಂದ ಕಡುಚಳಿಯಲ್ಲಿ ಸಿಂಥೆಟಿಕ್ ನೀಡುವ ದೊಡ್ಡ ಲಾಭ ನಮಗೆ ಅಷ್ಟಾಗಿ ದಕ್ಕದು. ಬಿಸಿಯಲ್ಲಿ ಬೇಗನೆ ಕೆಡದಿರುವುದು, ಆವಿಯಾಗಿ ಕಡಿಮೆಯಾಗದಿರುವುದು ನಮಗೆ ಉಪಯುಕ್ತ. ಟರ್ಬೊ ಇರುವ ಕಾರಿಗೆ, 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಿತ್ಯ ವೇಗವಾಗಿ ಓಡುವ ಕಾರಿಗೆ ಇದು ಮುಖ್ಯ. ಹಳೆಯ ಸರಳ ಎಂಜಿನ್‌ಗೆ, ತಯಾರಕರು ಸೂಚಿಸಿದ ದರ್ಜೆಯ ಖನಿಜ ತೈಲವನ್ನು ಸಕಾಲಕ್ಕೆ ಬದಲಿಸಿದರೆ ಸಾಕು. ಹೊಸ ಎಂಜಿನ್‌ಗೆ ಸಿಂಥೆಟಿಕ್ ಬೇಕೆಂದು ಕೈಪಿಡಿ ಹೇಳಿದರೆ ಅಲ್ಲಿ ಉಳಿತಾಯ ಮಾಡಹೋಗಬಾರದು. ಎಂಜಿನ್ ಕೆಟ್ಟರೆ ಆಗುವ ಖರ್ಚಿನ ಮುಂದೆ ಆ ಉಳಿತಾಯ ಏನೂ ಅಲ್ಲ.

'ಸಿಂಥೆಟಿಕ್' ಎಂಬ ಹೆಸರನ್ನಷ್ಟೇ ನಂಬುವಂತೆಯೂ ಇಲ್ಲ. ತೀವ್ರವಾಗಿ ಸಂಸ್ಕರಿಸಿದ ಖನಿಜ ತೈಲಕ್ಕೂ ಆ ಹೆಸರು ಸಲ್ಲಬಹುದೆಂದು 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ವಿಭಾಗ ತೀರ್ಮಾನಿಸಿತು. ಹೆಸರಿಗಿಂತ ದರ್ಜೆ ಮುಖ್ಯ.

ಶಿಕ್ಷಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಉದ್ದದ ಗಾಜಿನ ನಳಿಗೆಗಳಲ್ಲಿ ಹರಳೆಣ್ಣೆ ಮತ್ತು ಎಂಜಿನ್ ಆಯಿಲ್ ತುಂಬಿ ಸೈಕಲ್ ಬೇರಿಂಗಿನ ಸಣ್ಣ ಗುಂಡನ್ನು ಬಿಡಿ. ತಳ ಸೇರಲು ಹಿಡಿಯುವ ಕಾಲವನ್ನು ಒಮ್ಮೆ ಬೆಳಗಿನ ತಂಪಿನಲ್ಲಿ, ಒಮ್ಮೆ ನಳಿಗೆಯನ್ನು ಬಿಸಿನೀರಿನಲ್ಲಿಟ್ಟು ಅಳೆಯಿರಿ. ಎಣ್ಣೆಯ ಡಬ್ಬಿಯ ಮೇಲೆ ಎರಡು ಸಂಖ್ಯೆಗಳು ಏಕಿವೆ ಎಂಬುದನ್ನು ಗುಂಡೇ ತಿಳಿಸುತ್ತದೆ.