ಬಳಸದೆ ಉಳಿದ ಔಷಧಗಳ ವಿಲೇವಾರಿ

ರೋಗಿ ಸೇವಿಸದೆ ಬಿಟ್ಟ, ಅವಧಿ ಮೀರಿದ ಅಥವಾ ಕೆಟ್ಟುಹೋದ ಔಷಧಗಳನ್ನು ಜನರಿಗೂ ಜಲಮೂಲಗಳಿಗೂ ಹಾನಿಯಾಗದಂತೆ ನಾಶಪಡಿಸುವ ವ್ಯವಸ್ಥೆ. ಭಾರತದಲ್ಲಿ ಅಂಗಡಿಯ ಮತ್ತು ಆಸ್ಪತ್ರೆಯ ಔಷಧಕ್ಕೆ ಲೆಕ್ಕ ಕೇಳುವ ಕಾನೂನು ಮೊದಲು ಬಂತು. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆ ತೀರಾ ಈಚಿನವರೆಗೆ ಯಾರ ಹೊಣೆಯೂ ಆಗಿರಲಿಲ್ಲ.

ಸ್ವೀಡನ್ನಿನ ಔಷಧಾಲಯಗಳು ಗ್ರಾಹಕರಿಂದ ಹಳೆಯ ಔಷಧ ವಾಪಸು ಪಡೆಯತೊಡಗಿದ್ದು 1970ರ ದಶಕದ ಆರಂಭದಲ್ಲಿ. ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ 1990ರ ದಶಕದಲ್ಲಿ ಇಂಥ ಯೋಜನೆಗಳು ಬಂದವು. ಆದರೆ ಈ ವಿಷಯ ಜಗತ್ತಿನ ಗಮನ ಸೆಳೆದದ್ದು ಯುದ್ಧದಿಂದ. 1992–96ರ ನಡುವೆ ಬೋಸ್ನಿಯಾಕ್ಕೆ ದಾನವಾಗಿ ಹರಿದುಬಂದ ಔಷಧಗಳಲ್ಲಿ ಸುಮಾರು 17,000 ಟನ್ ಕೆಲಸಕ್ಕೆ ಬಾರದವು ಎಂಬ ಅಂದಾಜಿದೆ. ಕೊಟ್ಟವರ ಗೋದಾಮು ಖಾಲಿಯಾಯಿತು, ಪಡೆದವರದು ತುಂಬಿತು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸಂದರ್ಭಗಳಿಗೆಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿನ ಒಂದು ವಿಧಾನ ಯಾವ ಗಾರೆ ಮೇಸ್ತ್ರಿಗೂ ಅರ್ಥವಾಗುವಂಥದ್ದು: ತೊಳೆದ ಡ್ರಮ್ಮಿಗೆ ಮುಕ್ಕಾಲು ಭಾಗ ಮಾತ್ರೆ ತುಂಬಿ, ಸುಣ್ಣ, ಸಿಮೆಂಟು, ನೀರನ್ನು ತೂಕದಲ್ಲಿ 15:15:5ರಂತೆ ಕಲಸಿ ಸುರಿದು, ಮುಚ್ಚಳ ಬೆಸೆದು ಹೂಳುವುದು.

ಭಾರತದ 1945ರ ಔಷಧ ನಿಯಮಗಳಡಿ ಅವಧಿ ಮೀರಿದ ಸರಕನ್ನು ಮಾರುವಂತಿಲ್ಲ. ಕಂಪನಿಗೆ ಮರಳಿಸುವ ತನಕ ಅದನ್ನು ಬೇರೆಯಾಗಿಟ್ಟು, ಪೆಟ್ಟಿಗೆಯ ಮೇಲೆ ‘ಮಾರಾಟಕ್ಕಲ್ಲ’ ಎಂದು ಎದ್ದು ಕಾಣುವಂತೆ ಬರೆದಿರಬೇಕು. ಮೆಡಿಕಲ್ ಶಾಪಿನವರು ‘ಎಕ್ಸ್‌ಪೈರಿ’ ಮಾಲನ್ನು ಡಿಸ್ಟ್ರಿಬ್ಯೂಟರಿಗೆ ವಾಪಸು ಕೊಟ್ಟು ಹಣ ಹೊಂದಿಸಿಕೊಳ್ಳುವ ರೂಢಿ ಗಟ್ಟಿಯಾಗಿ ನಿಂತಿದೆ. ಕಾನೂನಿನಷ್ಟೇ ದುಡ್ಡಿನ ಲೆಕ್ಕವೂ ಅದನ್ನು ನಿಲ್ಲಿಸಿದೆ ಎನ್ನಬೇಕು. ಆಸ್ಪತ್ರೆಗಳ ಸರದಿ 1998ರಲ್ಲಿ ಬಂತು. ಆ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಿಸಾಡಿದ ಔಷಧಗಳನ್ನು ಐದನೆಯ ವರ್ಗಕ್ಕೆ ಸೇರಿಸಿ ಕಪ್ಪು ಚೀಲ ಗೊತ್ತುಮಾಡಿದವು. 2016ರ ಹೊಸ ನಿಯಮಗಳಲ್ಲಿ ಚೀಲ ಹಳದಿಯಾಯಿತು. ಕ್ಯಾನ್ಸರ್ ಚಿಕಿತ್ಸೆಯ ಕೋಶನಾಶಕ ಔಷಧಗಳನ್ನು 1,200 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ತಾಪದಲ್ಲಿ ಸುಡಬೇಕೆಂದಾಯಿತು.

ಮನೆಯ ಕಥೆ ಬೇರೆ. ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸಿ ಕೊಟ್ಟರೆ ದಿನಾಂಕದ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಎರಡು ಮಾತ್ರೆಗೆ ಜ್ವರ ಇಳಿದರೆ ಮಿಕ್ಕ ಎರಡು ಫ್ರಿಜ್ಜಿನ ಮೇಲಿನ ಡಬ್ಬಿ ಸೇರುತ್ತವೆ. ಅವುಗಳ ಅವಧಿ ಎಂದು ಮುಗಿಯಿತೆಂದು ಆಮೇಲೆ ಹೇಳುವವರಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥವನ್ನು ಬಲ್ಬು, ಬ್ಯಾಟರಿ, ಸೂಜಿಗಳೊಂದಿಗೆ ‘ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ’ ಎಂದು ಕರೆದು, 20 ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರ ತೆರೆಯುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಅಷ್ಟು ದೂರದ ಕೇಂದ್ರಕ್ಕೆ ಎರಡು ಮಾತ್ರೆ ಹೊತ್ತೊಯ್ಯುವವರು ಯಾರು ಎಂಬುದನ್ನು ನಿಯಮ ಯೋಚಿಸಿದಂತಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಕೇರಳ. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಳಿಕ್ಕೋಡಿನಲ್ಲಿ ‘ಎನ್‌ಪ್ರೌಡ್’ ಯೋಜನೆ ಆರಂಭಿಸಿ, ಮನೆಗಳಲ್ಲಿ ಉಳಿದ ಔಷಧ ಸಂಗ್ರಹಿಸುವ ಏರ್ಪಾಡು ಮಾಡಿತು. ಅದೇ ವರ್ಷ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಮಾರ್ಗದರ್ಶಿಯೂ ಹೊರಬಂತು. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್ ಸೇರಿದಂತೆ 17 ಔಷಧಗಳು ಉಳಿದರೆ ಶೌಚಾಲಯದಲ್ಲಿ ಹಾಕಿ ನೀರು ಬಿಡಬೇಕು ಎಂಬ ಸಲಹೆ ಅದರಲ್ಲಿದೆ. ಮಗುವೊಂದು ನುಂಗಿದರೆ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು, ಅಮಲಿಗಾಗಿ ಬೇರೆಯವರ ಕೈಸೇರಬಹುದು ಎಂಬುದು ಅದರ ಹಿಂದಿನ ಕಾರಣ. ಇದೇ ಬಗೆಯ ಪಟ್ಟಿ ಅಮೆರಿಕದಲ್ಲೂ ಇದೆ. ಒಳಚರಂಡಿಯಿಲ್ಲದ ಊರುಗಳಲ್ಲಿ ಈ ಸಲಹೆ ಅಷ್ಟು ಸಲೀಸಲ್ಲ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಶೌಚದ ಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಹಿತ್ತಿಲಿನಲ್ಲಿವೆ. ಪಟ್ಟಿಯಲ್ಲಿಲ್ಲದ ಔಷಧಗಳನ್ನು ಮಾತ್ರ ಯಾವ ಕಾರಣಕ್ಕೂ ಶೌಚಾಲಯಕ್ಕಾಗಲಿ ಸಿಂಕಿಗಾಗಲಿ ಸುರಿಯಬಾರದು.