ಕುದುರೆಮುಖ: ಮಳೆ ಒಂದು ಕಡೆ, ಕಬ್ಬಿಣ ಒಂದು ಕಡೆ

ಕುದುರೆಮುಖ ಟ್ರೆಕ್ ಮುಗಿಸಿ ಬಂದವರ ಫೋಟೋಗಳಲ್ಲಿ ಹಸಿರು ಹುಲ್ಲು, ಮೋಡ, ರೇನ್‌ಕೋಟ್ ಇಷ್ಟೇ ಕಾಣುತ್ತೆ. ಆ ಹುಲ್ಲಿನ ಕೆಳಗೆ ಏನಿದೆ ಅಂತ ಗೊತ್ತಾದ ಮೇಲೆ ಶುರುವಾಗಿದ್ದೇ ಈ ಬೆಟ್ಟಗಳ ಇತ್ತೀಚಿನ ಚರಿತ್ರೆ.

ಮೊದಲು ಮಳೆಯ ವಿಷಯ. ಶಿಖರದ ಎತ್ತರ ಸುಮಾರು 1,890 ಮೀಟರ್. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿಗೆ ಕರಾವಳಿ ದಾಟಿದ ಕೂಡಲೇ ಎದುರಾಗೋದು ಈ ಗೋಡೆ. ಗಾಳಿ ಮೇಲೇರುತ್ತೆ, ತಣ್ಣಗಾಗುತ್ತೆ, ಸುರಿಯುತ್ತೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್, ಅಂದ್ರೆ ಬೆಂಗಳೂರಿನ ಮಳೆಯ ಏಳು ಪಟ್ಟು. ಗಾಳಿ ಬಡಿಯುವ ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಇವೆರಡೂ ಸೇರಿ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇದೇ ಸಾಲಿನ ಗಂಗಾಮೂಲದ ಸುತ್ತ.

ಇನ್ನು ಕಲ್ಲು. ಇಲ್ಲಿನ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ ಮುಂದೆ ಒತ್ತಡಕ್ಕೆ, ಶಾಖಕ್ಕೆ ಸಿಕ್ಕಿ ಪಟ್ಟೆಪಟ್ಟೆಯ ಮ್ಯಾಗ್ನೆಟೈಟ್ ಶಿಲೆಯಾಯ್ತು. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇದನ್ನು ಗುರುತಿಸಿದರು. ಆದ್ರೆ ನೂರು ಕೆಜಿ ಕಲ್ಲಿನಲ್ಲಿ ನಲವತ್ತು ಕೆಜಿಯೂ ಕಬ್ಬಿಣ ಇರಲಿಲ್ಲ. ಕಲ್ಲನ್ನು ಹಿಟ್ಟು ಮಾಡಿ, ಅಯಸ್ಕಾಂತದಿಂದ ಅದಿರನ್ನು ಬೇರೆ ಮಾಡಬೇಕು. ಅಷ್ಟು ದುಡ್ಡು ಯಾರ ಹತ್ತಿರ ಇತ್ತು?

ಇರಾನಿನ ಶಾ ಹತ್ತಿರ ಇತ್ತು! ತೈಲದ ದುಡ್ಡಿನಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತಿದ್ದ ಇರಾನ್, ವರ್ಷಕ್ಕೆ 75 ಲಕ್ಷ ಟನ್ ಅದಿರು ಕೊಳ್ಳಲು ಒಪ್ಪಿ ಸಾಲ ಕೊಟ್ಟಿತು. 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. ಮಲ್ಲೇಶ್ವರದ (ನಮ್ಮ ಬೆಂಗಳೂರಿನದಲ್ಲ, ಅಲ್ಲಿನದು) ಬಳಿ ಗುಡ್ಡ ಅಗೆದರು. ಕಾಡಿನ ನಡುವೆ ಒಂದು ಟೌನ್‌ಶಿಪ್ ಎದ್ದಿತು. ಅದಿರಿನ ಪುಡಿ ನೀರಿನಲ್ಲಿ ಬೆರೆತು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಯಲು ಸಿದ್ಧವಾಯ್ತು. ಅಷ್ಟರಲ್ಲಿ 1979ರ ಕ್ರಾಂತಿಯಾಗಿ ಶಾ ದೇಶ ಬಿಟ್ಟರು, ಗಿರಾಕಿಯೇ ಇಲ್ಲ! ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು ಬದುಕಿತು.

ಗಿರಾಕಿಯನ್ನು ಬದಲಾಯಿಸಬಹುದು, ಮಳೆಯನ್ನು ಹೇಗೆ ಬದಲಾಯಿಸ್ತೀರಿ? ಹುಲ್ಲು ಕಿತ್ತ ಗುಡ್ಡದ ಮೇಲೆ ಅದೇ 7,000 ಮಿಲಿಮೀಟರ್ ಬಿತ್ತು. ಮಣ್ಣು ಭದ್ರೆಗೆ ಇಳಿಯಿತು. ಭದ್ರೆಯ ನೀರು ಲಕ್ಕವಳ್ಳಿ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ಶಿವಮೊಗ್ಗ, ದಾವಣಗೆರೆ ಗದ್ದೆಗಳಿಗೆ ಹೋಗುತ್ತೆ. ಹಾಗಾಗಿ ಇದು ಸಿಂಗಳೀಕ ಉಳಿಸೋರ ಜಗಳ ಅಷ್ಟೇ ಆಗಿರಲಿಲ್ಲ, ಕೆಳಗಿನ ರೈತರದ್ದೂ ಆಗಿತ್ತು. 30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದಿತ್ತು. ಸುತ್ತಲಿನ ಕಾಡು ಆಗಲೇ ರಾಷ್ಟ್ರೀಯ ಉದ್ಯಾನ. 2002ರಲ್ಲಿ ಸುಪ್ರೀಂ ಕೋರ್ಟ್, 2005ರ ಕೊನೆಗೆ ಗಣಿ ನಿಲ್ಲಬೇಕು ಅಂತ ತೀರ್ಪು ಕೊಟ್ಟಿತು, ನಿಂತಿತು. ಕೆಲಸ ಹೋಯ್ತು, ತುಂಬಿದ ಊರು ಖಾಲಿಯಾಯ್ತು. ಆ ನಷ್ಟವೂ ಸಣ್ಣದಲ್ಲ.

2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕುದುರೆಮುಖವೂ ಇದೆ. ಆದ್ರೆ ಕಬ್ಬಿಣ ತೆಗೆದ ಮೇಲೆ ಉಳಿದ ಕೆಸರು ಎಲ್ಲೂ ಹೋಗಿಲ್ಲ. ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟೆಯ ಹಿಂದೆ ಕೂತಿದೆ. ಗಣಿ ನಡೆದದ್ದು ಕಾಲು ಶತಮಾನ. ಆ ಕಟ್ಟೆಯನ್ನು ಮಾತ್ರ ಪ್ರತಿ ಮಳೆಗಾಲವೂ ಯಾರಾದರೂ ಕಾಯುತ್ತಲೇ ಇರಬೇಕು.