ಸವಣೂರಿನ ಪುರಸಭೆ ಮುಂದೆ ಒಂದ್ಸಲ ನಿಂತು ನೋಡಿ



ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಪ್ಲಾಸಾ ಮಯೋರ್ ಅನ್ನೋ ದೊಡ್ಡ ಚೌಕ ಇದೆ. 1619ರಲ್ಲಿ ಕಟ್ಟಿ ಮುಗಿಸಿದ್ದು. ಸುತ್ತ ಕಮಾನುಗಳು, ಮೇಲೆ ಸಾಲು ಸಾಲು ಬಾಲ್ಕನಿ, ನಡುವೆ ಕುದುರೆ ಏರಿದ ರಾಜನ ಪ್ರತಿಮೆ. ಇವತ್ತು ಪ್ರವಾಸಿಗರು ಅಲ್ಲಿ ಫೋಟೋ ತೆಗೆಸ್ಕೋತಾರೆ. ಆದರೆ 1680ರ ಜೂನ್ 30ರಂದು ಅದೇ ಚೌಕದಲ್ಲಿ, ಗುಟ್ಟಾಗಿ ಯಹೂದಿ ಧರ್ಮ ಪಾಲಿಸ್ತಾರೆ ಎಂಬಂಥ ಆರೋಪ ಹೊತ್ತವರನ್ನು ಜನರೆದುರು ನಿಲ್ಲಿಸಿ ಶಿಕ್ಷೆ ಓದಿ ಹೇಳಿದ್ರು. ರಾಜ ಬಾಲ್ಕನಿಯಲ್ಲಿ ಕೂತು ನೋಡಿದ. ಮೇಲಿದ್ದವರು ನೋಡೋರು, ಕೆಳಗೆ ನಿಂತವರು ಮಾನ ಕಳ್ಕೊಳ್ಳೋರು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಹಾವೇರಿ ಜಿಲ್ಲೆಯಲ್ಲೂ ಅಂಥದೊಂದು ಜಾಗ ಇದೆ. ಹಾನಗಲ್ಲು ಅಂದ್ರೆ ತಾರಕೇಶ್ವರ ಗುಡಿ ತೋರಿಸ್ತೀವಿ, ಶಿಗ್ಗಾಂವ ತಾಲ್ಲೂಕಿಗೆ ಹೋದ್ರೆ ಕನಕದಾಸರ ಬಾಡ. ಸವಣೂರು ಅಂದ್ರೆ ನವಾಬರು, ದೊಡ್ಡ ಹುಣಸೆ ಮರ, ಖಾರ, ವೀಳ್ಯದೆಲೆ. ಪುರಸಭೆ ಎದುರಿನ ಜಾಗವನ್ನ ಮಾತ್ರ ಯಾರೂ ತೋರಿಸಲ್ಲ.

2010ರ ಜುಲೈ 20. ಅಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಸುಮಾರು ಎಪ್ಪತ್ತು ವರ್ಷದಿಂದ ಬಾಳಿದ ಜಾಗ ಖಾಲಿ ಮಾಡಿ ಅಂದಿದ್ದರು. ಅಲ್ಲಿ ವಾಣಿಜ್ಯ ಸಂಕೀರ್ಣ ಏಳಬೇಕಿತ್ತಂತೆ. ಊರಿನ ಹೊಲಸು ಎತ್ತಲು ಅವರು ಬೇಕು, ಊರೊಳಗೆ ಇರೋಕೆ ಬೇಡ!

ಮಲ ಹೊರಿಸೋದನ್ನ ನಿಷೇಧಿಸೋ ಕೇಂದ್ರ ಕಾಯ್ದೆ ಬಂದದ್ದು 1993ರಲ್ಲಿ. ಅಂದ್ರೆ ಕಾಯ್ದೆಗೆ ಹದಿನೇಳು ವರ್ಷ ತುಂಬಿದ ಮೇಲೆ ನಡೆದದ್ದಿದು. ಆಮೇಲೆ 2013ರಲ್ಲಿ ಇನ್ನೊಂದು ಕಾಯ್ದೆ ಬಂತು, ಅದರಲ್ಲಿ ಪುನರ್ವಸತಿಯ ಮಾತೂ ಸೇರಿತು. ಪುನರ್ವಸತಿ ಅಂದ್ರೆ ಮೊದಲಿಗೆ ಏನು? ತಲೆ ಮೇಲೊಂದು ಸೂರು. ಸವಣೂರಿನವರು ಕೇಳಿದ್ದೂ ಅದನ್ನೇ.

ಮ್ಯಾಡ್ರಿಡ್‌ನಲ್ಲಿ ಆಳುವವರು ಬಡಪಾಯಿಗಳ ಅವಮಾನವನ್ನ ಮೆರವಣಿಗೆ ಮಾಡಿದ್ರು. ಸವಣೂರಿನಲ್ಲಿ ಅವಮಾನ ಉಂಡವರೇ ಬೀದಿಗೆ ಬಂದು, "ನೋಡ್ರಿ, ಇದು ನಿಮ್ದು" ಅಂತ ಊರಿಗೆ ತೋರಿಸಿದ್ರು. ಅವತ್ತು ನಾಚಿಕೆ ಪಡಬೇಕಾಗಿದ್ದು ನೋಡುತ್ತಾ ನಿಂತ ನಾಡು. ಅದನ್ನ ಬರೀ ಅಸಹಾಯಕತೆ ಅಂತ ಬರೆದು ಮುಗಿಸಬೇಡಿ. ನನ್ನ ಪಾಲಿಗೆ ಅದು ಹೋರಾಟದ ಚರಿತ್ರೆ.

ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವದ ಹುಡುಗರೇ, ನಿಮ್ಮೂರಿನ ಪುರಸಭೆ, ಪಂಚಾಯ್ತಿ ಕಟ್ಟೆ ಮುಂದೆ ಯಾರು ಯಾವಾಗ ಕೂತಿದ್ರು, ಏನು ಕೇಳಿದ್ರು ಅಂತ ಹಿರಿಯರನ್ನ ಕೇಳಿ ಬರ್ಕೊಳ್ಳಿ. ನವಾಬರ ಚರಿತ್ರೆ ಬರೆಯೋಕೆ ಜನ ಇದಾರೆ. ನಮ್ಮದನ್ನ ನಾವೇ ಬರೀಬೇಕು.